ಕಮಲಾಪುರದಲ್ಲಿ ತುಂಬಿದ ಉಡಿ

ಮೊನ್ನೆ ಸಂತೆಗೆ ಹೋದಾಗ ತಳ್ಳುಗಾಡಿಯವನೊಬ್ಬ ಕೆಂಪು ಬಾಳೆಯ ಗೊನೆ ನೇತುಹಾಕಿಕೊಂಡು ನಿಂತಿದ್ದ. ಕಮಲಾಪುರದ ಹಣ್ಣು. ಚೆನ್ನಾಗಿ ಮಾಗಿದರೆ ಅದಕ್ಕೊಂದು ಗಾಢವಾದ ವಾಸನೆ ಇರುತ್ತದೆ. ಮನೆಯೊಳಗೆ ಎರಡು ಹಣ್ಣು ಇಟ್ಟರೂ ಬಾಗಿಲಿಗೆ ಬಂದವರಿಗೆ ಗೊತ್ತಾಗುತ್ತದೆ. "ತಗೋರಿ ಬಾಯಾರ, ಸಕ್ಕರಿ ಇದ್ದಂಗ ಅದಾವ" ಎಂದು ಒಂದನ್ನು ಮುರಿದು ನನ್ನ ಕೈಗೇ ಕೊಡಲು ಬಂದ. ಬೇಡಪ್ಪಾ ಎಂದು ಮುಂದೆ ನಡೆದೆ. ಇಡೀ ಕಲಬುರ್ಗಿಗೆ ಪ್ರೀತಿಯ ಹಣ್ಣು ಅದು, ಹಣ್ಣಿನದೇನೂ ತಪ್ಪಿಲ್ಲ. ಆದರೆ ಆ ವಾಸನೆ ಮೂಗಿಗೆ ಬಡಿದರೆ ನನಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷಗಳಾದರೂ ಬರುತ್ತದೆ.

ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಮ್ಮ ಗೋಡೆಗೆ ಅಂಟಿಕೊಂಡಿದ್ದ ಎರಡು ಖೋಲಿಗಳಲ್ಲಿ ಅವಳು ಬಾಡಿಗೆಗಿದ್ದಳು. ಆಸ್ಪತ್ರೆಯೊಂದರಲ್ಲಿ ನರ್ಸು. ಆಗ ಕಾಲೇಜು ಓದುತ್ತಿದ್ದ ನಾನು ನರ್ಸಕ್ಕ ಎಂದು ಕರೆಯುತ್ತಿದ್ದೆ, ಓಣಿಯವರೆಲ್ಲ ಅದನ್ನೇ ಹಿಡಿದರು. ತೊಂಬತ್ತರ ದಶಕದ ಮೊದಲ ವರ್ಷಗಳವು... ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶಾಲೆಗೆ ಹೋಗುತ್ತಿದ್ದಳು. ಚಿಕ್ಕವಳು ತಾಯಿ ಡ್ಯೂಟಿಗೆ ಹೋದಾಗಲೆಲ್ಲ ನಮ್ಮ ಅಡುಗೆಮನೆಯಲ್ಲಿ, ನಾವು ಆಯಿ ಎಂದು ಕರೆಯುತ್ತಿದ್ದ ನನ್ನ ತಾಯಿಯ ಸೆರಗು ಹಿಡಿದುಕೊಂಡೇ ಬೆಳೆದಳು.

ಗಂಡ ಕಮಲಾಪುರದವನು, ಬಾಳೆ ತೋಟದ ಮನೆತನ. ಹೆಂಡತಿ ರಾತ್ರಿ ಡ್ಯೂಟಿ ಮಾಡುವುದು ಅವನಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತಂತೆ. ಒಂದು ದಿನ ಅವಳ ಬಿಳಿ ಯೂನಿಫಾರ್ಮಿನ ಸೀರೆಗಳನ್ನೆಲ್ಲ ಗಂಟು ಕಟ್ಟಿ ತೋಟದ ಬಾವಿಗೆ ಎಸೆದ. ಅವಳು ಮಕ್ಕಳನ್ನು ಕರೆದುಕೊಂಡು ಕಲಬುರ್ಗಿಯ ಬಸ್ಸು ಹತ್ತಿದಳು. ಆಮೇಲೆ ವರ್ಷಗಟ್ಟಲೆ ಅವನು ಇತ್ತ ತಲೆ ಹಾಕಲಿಲ್ಲ. ಮಕ್ಕಳಿಗೆ ಜ್ವರವೋ, ಪುಸ್ತಕ ಬೇಕೋ, ಅಂಗಿ ಬೇಕೋ, ಏನೂ ಕೇಳಲಿಲ್ಲ. ವಿಚ್ಛೇದನವನ್ನೂ ಕೊಡಲಿಲ್ಲ. ಆದರೂ ಊರಿನವರ ಬಾಯಲ್ಲಿ "ಗಂಡನ್ನ ಬಿಟ್ಟಾಕಿ" ಅನ್ನಿಸಿಕೊಂಡವಳು ಇವಳೇ. ಮಕ್ಕಳನ್ನು ಬಿಟ್ಟವನಿಗೆ ಅಂಥ ಹೆಸರು ಯಾರೂ ಇಡಲಿಲ್ಲ.

ಹೀಗಿರುವಾಗ ಅವಳಿಗೆ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಇರಲು ಕ್ವಾರ್ಟರ್ಸು, ಮಕ್ಕಳಿಗೆ ಹತ್ತಿರದಲ್ಲೇ ಶಾಲೆ. ಆ ದಿನ ಅವಳು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮಕ್ಕಳಿಗೆ ಸಮುದ್ರ ಹೇಗಿರುತ್ತದೆ ಎಂದು ಹೇಳಿದಳು. ಅವಳೂ ನೋಡಿರಲಿಲ್ಲ...

ಊರಿನ ರೋಜಾ ಬಡಾವಣೆಯ ಹತ್ತಿರ, ಗಲ್ಫಿಗೆ ಹೋಗುವವರ ಕಾಗದಪತ್ರ ಮಾಡಿಸಿಕೊಡುವ ಒಬ್ಬ ಮುದುಕರಿದ್ದರು. ಎಲ್ಲರಿಗೂ ಚಾಚಾ. ಅವರ ಬಳಿ ನಾನೂ ಅವಳ ಜೊತೆ ಹೋಗಿದ್ದೆ. "ನಿಮ್ದು ಆಗ್ತದ ಬೇಟಾ, ಫಿಕರ್ ಬ್ಯಾಡ" ಎಂದರು ಚಾಚಾ. "ಆದ್ರ ಬಚ್ಚೇ ಹೋಗ್ಬೇಕಂದ್ರ ಬಾಪಂದು ದಸ್ತಖತ್ ಬೇಕು."

"ಅವರು ನಮ್ಮ ಜೋಡಿ ಇಲ್ರಿ ಚಾಚಾ."

"ಜೋಡಿ ಇಲ್ದಿದ್ರೂ ಕಾಗದದಾಗ ಇದ್ದಾರಲ್ಲ ಬೇಟಾ."

ಅವಳು ಸಹಿ ಕೇಳಿ ಹೇಳಿಕಳಿಸಿದಳು. ಆಗುವುದಿಲ್ಲ, ಮಕ್ಕಳು ನನ್ನವು, ದೇಶ ಬಿಟ್ಟು ಹೋಗಕೂಡದು ಎಂದು ಉತ್ತರ ಬಂತು. ಎರಡನೆಯ ಸಲ ಕೇಳಿದಳು, ಮೂರನೆಯ ಸಲ ಅತ್ತಳು. ಮಸ್ಕತ್ತಿನವರು ಬೇಗ ಬರಬೇಕೆಂದು ಒತ್ತಾಯ ಮಾಡುತ್ತಿದ್ದರು. ಆಗ ಇದ್ದಕ್ಕಿದ್ದಂತೆ ಗಂಡನ ಅಣ್ಣ ನಮ್ಮ ಓಣಿಗೆ ಬಂದ. ಮಕ್ಕಳನ್ನು ಕರೆದುಕೊಂಡು ಒಂದು ಸಲ ಕಮಲಾಪುರಕ್ಕೆ ಬಾ, ದೂರ ಹೋಗುವವಳು, ಉಡಿ ತುಂಬಿ ಕಳಿಸುತ್ತೇವೆ, ಅವತ್ತೇ ತಮ್ಮ ಸಹಿಯನ್ನೂ ಮಾಡುತ್ತಾನೆ ಎಂದ.

ಉಡಿ ಎಂದ ಮೇಲೆ ನಮ್ಮ ಕಡೆ ಹೆಣ್ಣುಮಕ್ಕಳ ಮನಸ್ಸು ಕರಗಿಬಿಡುತ್ತದೆ. ಮನೆಯ ಹೆಣ್ಣು ದೂರ ಹೊರಟಾಗ ಹಿರಿಯರು ಅವಳ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಕುಪ್ಪಸದ ಖಣ ಹಾಕಿ ಹರಸುತ್ತಾರೆ. ಸುಖವಾಗಿ ಹೋಗಿ ಬಾ ಎಂದು ಅದರ ಅರ್ಥ. ಎಂಥ ಜಗಳವಿದ್ದರೂ ಉಡಿ ತಂದವರಿಗೆ ಯಾವ ಹೆಣ್ಣೂ ಒಲ್ಲೆ ಅನ್ನುವುದಿಲ್ಲ. ನಮ್ಮ ಆಯಿಗಂತೂ ಹಬ್ಬವೇ ಆಯಿತು. "ಉಡಿ ತುಂಬ್ತೀವಿ ಅಂದಾರಂದ್ರ ಅವರ ಮನಸು ತಿಳಿ ಆಗ್ಯದ ತಂಗಿ. ಉಡಿಗೆ ಒಲ್ಲೆ ಅನಬಾರದು. ಹೋಗಿ ಬಾ" ಎಂದಳು.

ಚಿಕ್ಕವಳನ್ನು ಸಂಭಾಳಿಸಲು ನಾನೂ ಹೋದೆ. ದೊಡ್ಡ ಮನೆ, ಪಡಸಾಲೆಯ ಪಕ್ಕದ ಕತ್ತಲೆ ಖೋಲಿಯಲ್ಲಿ ಹಣ್ಣಿಗೆ ಹಾಕಿದ ಕೆಂಪು ಬಾಳೆ. ಮನೆಯ ತುಂಬಾ ಅದೇ ವಾಸನೆ. ಸ್ಟುಡಿಯೋದ ಫೋಟೋ ತೆಗೆಯುವವನನ್ನೂ ಕರೆಸಿದ್ದರು. ಮಕ್ಕಳು ದೂರ ಹೋಗುತ್ತವೆ, ನೆನಪಿಗೆ ಇರಲಿ ಎಂದು ಇರಬಹುದು ಅಂದುಕೊಂಡೆವು. ಅತ್ತೆ ಉಡಿ ತುಂಬಿದರು. ನರ್ಸಕ್ಕ ಎರಡೂ ಕೈಯಿಂದ ಸೆರಗು ಒಡ್ಡಿ ನಿಂತಿದ್ದಳು, ಮುಖದ ತುಂಬಾ ನಗು. ಅಷ್ಟು ನಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಗಂಡ ಬಂದು ಪಕ್ಕದಲ್ಲಿ ನಿಂತ, ಮಕ್ಕಳ ಕೈಗೆ ಒಂದೊಂದು ಬಾಳೆಹಣ್ಣು ಕೊಟ್ಟ, ಚಿಕ್ಕವಳ ಭುಜದ ಮೇಲೆ ಕೈ ಇಟ್ಟ. ಫೋಟೋ ತೆಗೆದರು. ಆ ಮಗು ಅವನು ಯಾರು ಎಂದು ನನ್ನನ್ನು ಕೇಳಿತು.

"ಸಹಿ..." ಎಂದಳು ನರ್ಸಕ್ಕ.

"ಛಲೋ ಕೆಲಸ ಆಗೂ ಹೊತ್ತಿನ್ಯಾಗ ಅದ್ಯಾಕ? ನಾಳಿ ಕಲಬುರ್ಗಿಗಿ ಬಂದು ಮಾಡ್ತೀನಿ."

ಮರುದಿನ ಅವನು ಬರಲಿಲ್ಲ. ಬಂದದ್ದು ಅವನು ಪಾಸ್‌ಪೋರ್ಟಿನವರಿಗೆ ತಕರಾರು ಬರೆದಿದ್ದಾನೆ ಎಂಬ ಸುದ್ದಿ. ಕೋರ್ಟಿನಿಂದ ಅನುಮತಿ ತನ್ನಿ ಎಂದರು. ಅವಳು ಕೋರ್ಟಿಗೆ ಹೋದಳು. ಅಲ್ಲಿ ಅವನ ವಕೀಲ ಹೊರಗೆ ತೆಗೆದದ್ದು ಆ ಫೋಟೋ! ಗಂಡ ಹೆಂಡತಿ ಬೇರೆಯಾಗಿಲ್ಲ, ಗಂಡನ ಮನೆಯ ಉಡಿ ತುಂಬಿಸಿಕೊಂಡು ಎಷ್ಟು ಸಂತೋಷವಾಗಿದ್ದಾಳೆ ನೋಡಿ, ಹಣ್ಣು ಕೊಟ್ಟು ಮುದ್ದು ಮಾಡುವ ತಂದೆಯಿಂದ ಮಕ್ಕಳನ್ನು ಕಸಿದು ಪರದೇಶಕ್ಕೆ ಒಯ್ಯುತ್ತಿದ್ದಾಳೆ ಎಂದ. ಇವಳು ಹೋಗಿ ಬಾ ಎಂದು ತಿಳಿದು ಸೆರಗು ಒಡ್ಡಿದ್ದಳು. ಅವರು ನಮ್ಮ ಮನೆ ಬಿಟ್ಟು ಎಲ್ಲಿಗೂ ಹೋಗಬೇಡ ಎಂದು ತುಂಬಿದ್ದರು. ಅದೇ ಅಕ್ಕಿ, ಅದೇ ತೆಂಗಿನಕಾಯಿ. ಇಂಥ ಮೋಸ ಮಾಡಲು ಇವರಿಗೆ ಆ ಉಡಿಯೇ ಬೇಕಾಗಿತ್ತೇ? ಉಡಿ ತುಂಬುವಾಗ ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದ್ದ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ತಾರೀಖು ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. ಮಸ್ಕತ್ತಿನವರು ಬೇರೆಯವರನ್ನು ತೆಗೆದುಕೊಂಡರು. ಆ ಸುದ್ದಿ ತಿಳಿದ ಮೇಲೆ ಕೋರ್ಟಿನ ಹೊರಗಿನ ಬೇವಿನ ಮರದ ಕೆಳಗೆ ಗಂಡ ಎದುರಾದ. ನರ್ಸಕ್ಕ ಜಗಳ ಮಾಡಲಿಲ್ಲ.

"ಇನ್ನ ನಾ ಎಲ್ಲಿಗೂ ಹೋಗಂಗಿಲ್ರಿ. ಮಕ್ಕಳು ನಿಮಗ ಬೇಕಂದೀರಲ್ಲ, ಬರೂ ದಸರಾ ಸೂಟಿಗಿ ನಿಮ್ಮ ಹತ್ರ ಕಳಿಸ್ಲೇನ್ರಿ?"

"ದಸರಾಕ್ಕ? ನನಗೆಲ್ಲಿ ಪುರಸೊತ್ತು ಅದ? ಬಾಳಿ ಕಡಿಯೂ ಟೈಮು" ಎಂದು ಮೋಟಾರ್ ಸೈಕಲ್ ಹತ್ತಿ ಹೋದ.

ಇಷ್ಟೇ. ಇಷ್ಟಕ್ಕೇ ಆ ಮೂವರ ಬದುಕನ್ನು ತಡೆದು ನಿಲ್ಲಿಸಿದ್ದು. ಮಕ್ಕಳು ಕಣ್ಣಿಂದ ದೂರವಾಗುತ್ತವೆ ಎಂಬ ಸಂಕಟ ಇದ್ದಿದ್ದರೆ ನಾನೂ ಅವನ ಪರವಾಗಿ ಒಂದು ಮಾತು ಆಡುತ್ತಿದ್ದೆ. ಕಮಲಾಪುರದಿಂದ ಕಲಬುರ್ಗಿಗೆ ದಿನವಿಡೀ ಬಸ್ಸುಗಳು ಓಡುತ್ತವೆ. ಮಕ್ಕಳನ್ನು ನೋಡಲು ಅವನು ಒಂದನ್ನೂ ಹತ್ತಲಿಲ್ಲ. ಅವನಿಗೆ ಬೇಕಾಗಿದ್ದದ್ದು ಮಕ್ಕಳಲ್ಲ, ಬೇಡ ಅನ್ನುವ ಅಧಿಕಾರ. ಓಣಿಯ ದೊಡ್ಡ ಮನುಷ್ಯರು ಬಂದು, ಮಕ್ಕಳನ್ನು ಅವನಿಗೆ ಒಪ್ಪಿಸಿ ನೀನೊಬ್ಬಳೇ ಬೇರೆ ಕೆಲಸ ಹುಡುಕಿಕೊಂಡು ಹೋಗಬಹುದಲ್ಲ ಎಂದು ಬುದ್ಧಿ ಹೇಳಿದರು. "ಯಾರ ಸಲುವಾಗಿ ಹೋಗಾಕಿ ಇದ್ದೆನೋ ಅವರನ್ನೇ ಬಿಟ್ಟು ಹೋಗ್ಲೇನ್ರಿ?" ಎಂದು ಕೇಳಿ ಒಳಗೆ ಹೋದಳು.

ಆಮೇಲೆ ಅವಳು ಅದೇ ಆಸ್ಪತ್ರೆಯಲ್ಲಿ ದುಡಿದಳು, ಮಕ್ಕಳನ್ನು ಓದಿಸಿದಳು, ಮೊದಲಿನಂತೆ ನಮ್ಮ ಕಟ್ಟೆಯ ಮೇಲೆ ಕುಳಿತು ಹರಟುತ್ತಿದ್ದಳು. ಒಂದೇ ಒಂದು ಬದಲಾಗಿತ್ತು. ನವರಾತ್ರಿಯಲ್ಲಿ ಆಯಿ ಉಡಿ ತುಂಬಲು ಕರೆದರೆ ಸೆರಗು ಒಡ್ಡುತ್ತಿರಲಿಲ್ಲ. "ಕೈಯಾಗ ಕೊಡ್ರಿ ಕಾಕು" ಎಂದು ಬೊಗಸೆ ಚಾಚುತ್ತಿದ್ದಳು. ಆಯಿ ತೆಂಗಿನಕಾಯಿಯನ್ನು ಆ ಕೈಗಳಲ್ಲಿ ಇಡುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಅವಳು ಹೋಗಿಬಿಟ್ಟಳು. ಕಿಡ್ನಿಯ ಕಾಯಿಲೆ. ಊರಿಗೆಲ್ಲ ಸೂಜಿ ಹಾಕಿದ ಕೈ, ಕೊನೆಗೆ ನೀರು ತುಂಬಿ ಊದಿಕೊಂಡಿತ್ತು... ಕಮಲಾಪುರದವರು ಬಂದರು. ಗಂಡ ಇರುವಾಗಲೇ ಸತ್ತ ಮುತ್ತೈದೆ, ಗಂಡನ ಮನೆಯ ಉಡಿ ತುಂಬಿಯೇ ಕಳಿಸಬೇಕು ಎಂದು ಹಸಿರು ಸೀರೆ, ಅಕ್ಕಿ, ತೆಂಗಿನಕಾಯಿ ತಂದಿದ್ದರು. ಬೆನ್ನು ಬಾಗಿದ್ದ ಅದೇ ಅತ್ತೆ ಮುಂದೆ ಬಂದರು. ದೊಡ್ಡ ಮಗಳು ಅಡ್ಡ ನಿಂತಳು.

"ಬ್ಯಾಡ್ರಿ ಅಜ್ಜಿ. ನಮ್ಮವ್ವಂದು ಒಪ್ಪಿಗಿ ಇಲ್ರಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಉಡಿಗೆ ಒಲ್ಲೆ ಅನಬಾರದು ಎಂದು ಯಾರೋ ಹಿರಿಯ ಹೆಂಗಸು ಗದರಿದಳು. ಗಂಡ ಗೋಡೆಗೆ ಆತು ನಿಂತು ನೋಡುತ್ತಿದ್ದ. ಮೂಲೆಯಲ್ಲಿ ಕುಳಿತಿದ್ದ ನಮ್ಮ ಆಯಿ ಮೊಣಕಾಲು ಹಿಡಿದುಕೊಂಡು ಎದ್ದಳು, ಹೋಗಿ ಆ ಹುಡುಗಿಯ ಪಕ್ಕದಲ್ಲಿ ನಿಂತಳು. "ಒಲ್ಲೆ ಅಂದಾಳಲ್ಲ. ತಗೊಂಡು ಹೋಗ್ರಿ ನಿಮ್ಮ ಉಡಿ" ಎಂದಳು. ತೆಂಗಿನಕಾಯಿ, ಅಕ್ಕಿ ಎಲ್ಲ ಬಂದ ದಾರಿಯಲ್ಲೇ ಕಮಲಾಪುರಕ್ಕೆ ಹೋದವು.

ಈಗ ಆಯಿಯೂ ಇಲ್ಲ. ಆ ಎರಡು ಖೋಲಿಗಳಲ್ಲಿ ಬೇರೆ ಯಾರೋ ಇದ್ದಾರೆ. ಮಕ್ಕಳಿಬ್ಬರೂ ತಮ್ಮ ತಮ್ಮ ಸಂಸಾರದಲ್ಲಿದ್ದಾರೆ, ಚೆನ್ನಾಗಿದ್ದಾರೆ, ಹಬ್ಬಕ್ಕೆ ಬಂದು ಹೋಗುತ್ತಾರೆ. ಸಂತೆಯಿಂದ ಮನೆಗೆ ಬಂದ ಮೇಲೂ ಆ ಬಾಳೆಹಣ್ಣಿನ ವಾಸನೆ ಮೂಗಿನಲ್ಲೇ ಉಳಿದಿತ್ತು. ಆ ಫೋಟೋ ನೆನಪಾಯಿತು. ಅದರಲ್ಲಿ ನರ್ಸಕ್ಕ ನಕ್ಕಿದ್ದು ಸುಳ್ಳಲ್ಲ. ಮಕ್ಕಳಿಗೆ ಸಮುದ್ರ ತೋರಿಸುತ್ತೇನೆ ಎಂದುಕೊಂಡು ನಕ್ಕಿದ್ದಳು.