ತಪ್ಪಬೇಕಿದ್ದ ಗುರಿ

ಬಾಳೆಹೊನ್ನೂರಿನ ಸಿದ್ಧವೀರಪ್ಪನವರು ಪಲ್ಟನ್ನಿನ ಹಳೇ ಕೋವಿಯೊಂದನ್ನು ಕೊಂಡು, ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ವರ್ಷಗಟ್ಟಲೆ ತಿಕ್ಕಿದರು. ತುಕ್ಕಿನ ಜೊತೆಗೆ ಕೋವಿಯ ಮೇಲಿನ ನಂಬರೂ ಅಳಿದುಹೋಯಿತು.

ಯುದ್ಧಕಾಲದ ತಪಾಸಣೆಗೆ ಬಂದ ಅಮಲ್ದಾರರು, "ಲೈಸೆನ್ಸಿನಲ್ಲಿರೋ ಕೋವಿ ಇದೇ ಅನ್ನೋದಕ್ಕೆ ಏನ್ರೀ ಗುರುತು? ಇಲ್ಲದಿದ್ರೆ ಜಪ್ತಿ" ಎಂದರು. ಸಿದ್ಧವೀರಪ್ಪನವರು ಕೋವಿಯನ್ನು ತಿರುಗಿಸಿ ತಿರುಗಿಸಿ ಅಳಿದ ನಂಬರು ಹುಡುಕಿದರು.

ತೋಟದಾಳು ಚೋಮ ಮುಂದೆ ಬಂದ. "ಗುರುತು ಉಂಟು ಸ್ವಾಮಿ. ಹತ್ತು ವರ್ಷದಿಂದ ಪ್ರತಿ ಭಾನುವಾರ ನಮ್ಮ ಅಯ್ಯ ಡಬ್ಬಿಗೆ ಹೊಡೀತಾರೆ. ಈ ಕೋವಿ ಗುಂಡು ಯಾವತ್ತೂ ಒಂದು ಮೊಳ ಎಡಕ್ಕೇ ಹೋಗೋದು. ಊರಿಗೇ ಗೊತ್ತು."

ಅಮಲ್ದಾರರು ನಗು ತಡೆದುಕೊಂಡು, "ಹೊಡೀರಿ, ನೋಡುವ" ಎಂದರು.

ಗುರಿ ತಪ್ಪಲಪ್ಪಾ ಎಂದು ವೀರಭದ್ರನನ್ನು ಬೇಡಿಕೊಂಡು, ಸಿದ್ಧವೀರಪ್ಪನವರು ಕೋವಿಯ ಕುದುರೆ ಎಳೆದರು. ಡಬ್ಬಿ ಟಣ್ಣನೆ ಹಾರಿತು.

ಅಮಲ್ದಾರರು ಕೋವಿಗೆ ಕೈ ಚಾಚಿದರು. ಚೋಮ ಮೆಲ್ಲಗೆ ಕೇಳಿದ: "ಇವತ್ತೇ ಆಗಬೇಕಿತ್ತಾ ಅಯ್ಯ?"