ಜಾಕೆಟ್ ವಾಪಸ್ ಹೋದ ಮೇಲೆ

ಅಂಕಲ್ ತಮ್ಮ ಬೂದು ಜಾಕೆಟನ್ನು ನನಗೆ ಹೊದಿಸಿದ್ದು ಯಾಕೆಂದು ಇವತ್ತಿಗೂ ತಿಳಿದಿಲ್ಲ. ಅಂಕಲ್ ಅಂದರೆ ಈ ಕೊಲ್ಲಿ ದೇಶದ ಅಲ್ ವುಕೈರ್‌ನಲ್ಲಿ, ನಾವು ಊರಿನ ಕ್ರೈಸ್ತರು ಒಬ್ಬರ ಮನೆಯಲ್ಲಿ ಸೇರುವ ಶುಕ್ರವಾರದ ಪ್ರಾರ್ಥನೆ ನಡೆಸುತ್ತಿದ್ದ ಉಡುಪಿ ಕಡೆಯ ಹಿರಿಯರು. ಊರಲ್ಲಿ ಯಾರಾದರೂ ತೀರಿಕೊಂಡು, ಇಲ್ಲಿಂದ ಹೋಗಲಾಗದೆ ಒದ್ದಾಡುವವರು ಮೊದಲು ಫೋನ್ ಮಾಡುತ್ತಿದ್ದುದು ಅವರಿಗೆ. ಅವರು ಫೋನಿನಲ್ಲೇ ಪ್ರಾರ್ಥಿಸುತ್ತಿದ್ದರು. ಕೆಲಸ ಮುಗಿದು ಅವರು ಊರಿಗೆ ಹೊರಟಾಗ, ಇನ್ನು ಯಾರಿಗೆ ಫೋನ್ ಮಾಡುವುದೆಂಬ ಚಿಂತೆ ಎಲ್ಲರಿಗೂ ಹತ್ತಿತು. ನನಗೆ ಹತ್ತಲಿಲ್ಲ. ನಾನು ಹೋಗುತ್ತಿದ್ದುದೇ ಪ್ರಾರ್ಥನೆಯ ನಂತರದ ಚಹಾ ಮತ್ತು ಹರಟೆಗೆ.

ಅವರ ಕೊನೆಯ ಶುಕ್ರವಾರ ಓದಿದ್ದು ಬೈಬಲಿನ ಹಳೆಯ ಕಾಲದ ಒಬ್ಬ ಪ್ರವಾದಿಯ ಕತೆ. ಹೊಲ ಉಳುತ್ತಿದ್ದವನ ಮೇಲೆ ಆತ ತನ್ನ ಕಂಬಳಿ ಹಾಕಿ, ಮಾತಾಡದೆ ಮುಂದೆ ನಡೆಯುತ್ತಾನೆ. ಅಷ್ಟಕ್ಕೇ ರೈತ ಮುಂದಿನ ಪ್ರವಾದಿ. ಅವನು ಹಿಂದೆ ಓಡಿ ಬಂದರೆ ಮುದಿ ಪ್ರವಾದಿ, ಹಿಂದಕ್ಕೆ ಹೋಗು, ನಾನು ನಿನಗೇನು ಮಾಡಿದೆ ಅನ್ನುತ್ತಾನೆ. ಇದೆಂಥ ಉತ್ತರ ಎಂದು ನನಗೆ ಸಿಟ್ಟೇ ಬಂತು. ಏಸಿಯ ಗಾಳಿ ನೇರ ಕತ್ತಿಗೆ ಬಡಿದು ನಡುಗುತ್ತ ಕೂತಿದ್ದೆ. ಓದಿ ಮುಗಿಸಿದ ಅಂಕಲ್ ಎದ್ದು ಬಂದು, ಜಾಕೆಟ್ ಬಿಚ್ಚಿ ನನಗೆ ಹೊದಿಸಿ, ಹೋಗಿ ಕುಳಿತರು. ಕೋಣೆಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು.

"ಇನ್ನು ನೀನೇ ಅಲ್ವಾ," ಅಂದರು ಆ ಮನೆಯಾಕೆ, ಚಹಾ ಕೊಡುತ್ತ. ತಮಾಷೆಯೋ ಅಲ್ಲವೋ ಗೊತ್ತಾಗಲಿಲ್ಲ.

ಮರುದಿನ ಜಾಕೆಟ್ ಹಿಡಿದು ಅಂಕಲ್ ರೂಮಿಗೆ ಹೋದೆ. ಪೆಟ್ಟಿಗೆ ಕಟ್ಟುತ್ತಿದ್ದರು.

"ಅಂಕಲ್, ನಿನ್ನೆ ಇದನ್ನು ಯಾಕೆ ಹೊದಿಸಿದ್ದು?"

"ನಾನೆಂತ ಮಾಡಿದೆ ಮಾರಾಯ್ತಿ? ನಿಂಗೆ ಚಳಿ ಆಗ್ತಿತ್ತಲ್ಲ." ಜಾಕೆಟ್ ಇಸಿದುಕೊಂಡರು. "ತಂದದ್ದು ಒಳ್ಳೇದಾಯ್ತು. ಪ್ಲೇನಲ್ಲಿ ಬೇಕು ನಂಗೆ."

ಖಲಾಸ್, ಪೀಡೆ ಕಳೆಯಿತು ಅಂದುಕೊಂಡೆ. ಆದರೂ ನನ್ನದೇನನ್ನೋ ಕಿತ್ತುಕೊಂಡ ಹಾಗೆ ಬೇಜಾರಾಯಿತು. ಅವರು ಆಡಿದ್ದು ಪ್ರವಾದಿಯ ಮಾತನ್ನೇ ಎಂದು ಹೊಳೆದದ್ದು ಕಾರು ಹತ್ತಿದ ಮೇಲೆ. ಬೇಕೆಂದೇ ಅಂದರೋ, ಸುಮ್ಮನೆ ಬಾಯಿಗೆ ಬಂತೋ? ವಾಪಸ್ ಹೋಗಿ ಕೇಳಲು ನಾಚಿಕೆಯಾಯಿತು.

ಅವರು ಊರಿಗೆ ಹೋದ ವಾರವೇ, ವೆಸ್ಟ್ ಬೇಯ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದಾಗ ಗುರುತಿಲ್ಲದ ಹೆಂಗಸಿನ ಫೋನ್ ಬಂತು.

"ಅಮ್ಮ ಹೋದ್ರು. ಸಂಜೆಗೇ ಮಣ್ಣು ಮಾಡ್ತಾರಂತೆ. ಅಷ್ಟರಲ್ಲಿ ನಾನು ಊರಿಗೆ ಮುಟ್ಟುದಿಲ್ಲ. ಒಂದು ಪ್ರಾರ್ಥನೆ ಮಾಡ್ತೀರಾ?"

"ನಾನಲ್ಲ. ಆ ಜಾಕೆಟ್ ಅವರೇ ವಾಪಸ್ ತಗೊಂಡ್ರು," ಅಂದುಬಿಟ್ಟೆ.

"ಯಾವ ಜಾಕೆಟ್? ನಿಮ್ಮ ನಂಬರ್ ಅಂಕಲ್ ಕೊಟ್ಟದ್ದು. ಎರಡು-ಮೂರು ತಿಂಗಳಾಯ್ತು."

ಜಾಕೆಟ್ ಹೊದಿಸಿದ ಆ ಶುಕ್ರವಾರಕ್ಕೂ ಎಷ್ಟೋ ಮೊದಲು. ಹಾಗಾದರೆ ನನ್ನನ್ನು ಆಗಲೇ ಆರಿಸಿದ್ದರೇ, ಆ ದಿನದ ಜಾಕೆಟ್ ಬರೀ ಚಳಿಗೇ? ಯೋಚಿಸಲೂ ಆಗಲಿಲ್ಲ, ಆಕೆ ಅಳುತ್ತಿದ್ದಳು.

"ನಂಗೆ ಪ್ರಾರ್ಥನೆ ಮಾಡ್ಲಿಕ್ಕೆ ಬರುದಿಲ್ಲ," ಅಂದೆ.

"ಅಡ್ಡಿಲ್ಲ. ಫೋನ್ ಇಡ್ಬೇಡಿ."

ನಾನು ಇಡಲಿಲ್ಲ. ಡಬ್ಬಿ ಮುಚ್ಚಿ, ನಿಮ್ಮಮ್ಮ ನಿಮ್ಮನ್ನು ಏನಂತ ಕರೀತಿದ್ರು ಎಂದು ಕೇಳಿದೆ.