ಹಲಗೆಯ ಜೊತೆ ಮಾತಾಡುತ್ತಿದ್ದ ಮಾಸ್ತರರು

ನಾನು ಮಾಸ್ತರರಿಗೆ ಅವಮಾನ ಮಾಡಲಿಲ್ಲ. ಅವರು ಕೇಳಿದರು, ನಾನು ಹೇಳಿದೆ.

ಹುಕ್ಕೇರಿಯ ಸಾಲೆಯಲ್ಲಿ ಅವರು ನಮಗೆ ಬೆನ್ನು ಮಾಡಿ, ಸೀಮೆಸುಣ್ಣದ ಕೈಯನ್ನು ಧೋತರಕ್ಕೆ ಒರೆಸುತ್ತ ಕರಿಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿದ್ದರು. ಕೊನೆಗೆ "ತಿಳೀತಿಲ್ಲೋ?" ಎನ್ನುವರು. ಯಾರಿಗೂ ತಿಳಿಯದಿದ್ದರೂ ಎಲ್ಲರೂ "ತಿಳೀತ್ರಿ" ಎಂದು ಕೂಗುತ್ತಿದ್ದೆವು.

ಒಂದು ದಿನ ನಾನು ಎದ್ದು, "ಇಲ್ರಿ. ನೀವು ಹಲಗಿ ಜೋಡಿ ಮಾತಾಡ್ತೀರಿ, ನಮ್ಮ ಜೋಡಿ ಅಲ್ಲ" ಎಂದೆ. ಅವರು ಸೀಮೆಸುಣ್ಣ ಕೆಳಗಿಟ್ಟು ಹೊರಗೆ ಹೋದರು.

ಸುದ್ದಿ ಕೇಳಿದ ಅಪ್ಪ, "ಸಾಲಿ ಸಾಕು. ನಾಳಿಂದ ರೊಟ್ಟಿ ಬಡಿ" ಎಂದ.

ಸಂಜೆ ಮಾಸ್ತರರೇ ಮನೆಗೆ ಬಂದರು. ಅಪ್ಪ ಕೈ ಮುಗಿದ. "ತಪ್ಪಾತ್ರಿ, ಹುಡುಗಿ ಬಾಯಿ ಭಾಳ."

"ಆ ಬಾಯಿನ ಬೇಕಾಗೇತ್ರಿ" ಎಂದು ಅವರು ಕಟ್ಟೆಯ ಮೇಲೆ ಕೂತು ನನ್ನತ್ತ ತಿರುಗಿದರು. "ನಾ ಕಲಿಸೂದ್ರಾಗ ಇನ್ನೇನ್ ತಪ್ಪೈತಿ, ಹೇಳವಾ."

ದೊಡ್ಡವರೂ ಹೀಗೆ ಕೇಳುತ್ತಾರೆಯೇ ಎಂದು ಅವರ ಮುಖವನ್ನೇ ನೋಡುತ್ತ, ಒಂದೊಂದಾಗಿ ಎಲ್ಲ ಹೇಳಿದೆ.

ಮರುದಿನ ಬೆಳಿಗ್ಗೆ ಬರೆಯುವ ಪಾಟಿ ತೊಳೆದುಕೊಂಡು ಸಾಲೆಗೆ ಹೊರಟೆ. ಅಪ್ಪ ತಡೆಯಲಿಲ್ಲ.